ಅವ್ವ ಆರಿಸಿಕೊಂಡ ಬೈಬಲ್

ಅವ್ವ ಮದುವೆಗೆ ಒಪ್ಪುವಾಗ ಒಂದು ಶರತ್ತು ಹಾಕಿದ್ದಳು. ಅಪ್ಪನ ಮನೆಯವರು ಕ್ರೈಸ್ತರು. ಅವ್ವ ಪಾಮನಕಲ್ಲೂರಿನ ಹಿಂದೂ ರೈತನ ಮಗಳು. ಚಿನ್ನದ ಗಣಿಯ ಊರಾದ ಹಟ್ಟಿಯಲ್ಲಿದ್ದ ಚಿಕ್ಕಮ್ಮನ ಬಾಣಂತನಕ್ಕೆ ನೆರವಾಗಲು ಬಂದಿದ್ದ ಹುಡುಗಿಯನ್ನು ಗಣಿಯ ಪಾಳಿ ಮುಗಿಸಿ ಬರುತ್ತಿದ್ದ ಅಪ್ಪ ದಿನಾ ನೀರಿನ ನಳದ ಹತ್ತಿರ ನೋಡಿ, ಮಾತಾಡಿಸಿ, ಕಡೆಗೆ ಕೇಳಿಯೇಬಿಟ್ಟನಂತೆ. ಎರಡೂ ಮನೆಗಳಲ್ಲಿ ತಕರಾರು ನಡೆದು ತಣ್ಣಗಾದ ಮೇಲೆ, ಅಪ್ಪನ ತಾಯಿ, ಎಂದರೆ ನನ್ನ ಅಜ್ಜಿ ಸಾರಮ್ಮ, ಹುಡುಗಿ ಮೊದಲು ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತಳಾಗಲಿ, ಮದುವೆ ಆಮೇಲೆ ಎಂದಳು. ಅವ್ವನ ಹೆಸರು ಹುಲಿಗೆಮ್ಮ. ಹಿರಿಯರೆಲ್ಲ ಕೂತ ಆ ಕೋಣೆಯಲ್ಲಿ ಬಾಗಿಲ ಮರೆಯಿಂದಲೇ ಆಕೆ ಹೇಳಿದ ಮಾತನ್ನು ಅಪ್ಪ ನಮಗೆ ಎಷ್ಟೋ ಸಲ ಅಭಿನಯಿಸಿ ತೋರಿಸಿದ್ದಾನೆ.

"ಓದದ ಕಾಗದಕ್ಕ ನಾ ಹೆಬ್ಬೆಟ್ಟು ಒತ್ತಂಗಿಲ್ರಿ. ನಿಮ್ಮ ಪುಸ್ತಕ ನಾನೇ ಓದಿ, ಆಮ್ಯಾಗ ಹೇಳ್ತೀನಿ."

ಆಗ ಅವ್ವನಿಗೆ ಓದಲು ಸರಿಯಾಗಿ ಬರುತ್ತಲೇ ಇರಲಿಲ್ಲ. ಊರ ಶಾಲೆಗೆ ಸ್ವಲ್ಪ ದಿನ ಹೋಗಿ, ತಮ್ಮಂದಿರನ್ನು ಎತ್ತಿಕೊಳ್ಳುವ ಕೆಲಸ ಬಂದಾಗ ಬಿಟ್ಟವಳು. ಓದಲು ಬರದವಳು ಓದಿ ಹೇಳುತ್ತಾಳಂತೆ ಎಂದು ಅಜ್ಜಿ ನಕ್ಕಳು. ಇದು ತಪ್ಪಿಸಿಕೊಳ್ಳುವ ಮಾತು, ಒಂದು ಕೂಸು ಹುಟ್ಟಿದರೆ ತಾನೇ ದಾರಿಗೆ ಬರುತ್ತಾಳೆ ಎಂದು ಅವಳ ಲೆಕ್ಕ. ಲಿಂಗಸುಗೂರಿನ ಕಚೇರಿಯಲ್ಲಿ ಮದುವೆ ನೋಂದಾಯಿಸಿದರು. ನಾನು ಹುಟ್ಟಿದೆ, ನನಗೆ ದೀಕ್ಷಾಸ್ನಾನವೂ ಆಯಿತು, ಶಾಲೆಗೆ ಹೋಗುವಷ್ಟು ದೊಡ್ಡವಳೂ ಆದೆ. ಅವ್ವ ಮಾತ್ರ ಹುಲಿಗೆಮ್ಮನಾಗಿಯೇ, ಕುಂಕುಮ ಇಟ್ಟುಕೊಂಡೇ, ಆ ಮನೆಯಲ್ಲಿ ಉಳಿದಳು.

ಗಣಿಯ ಕ್ವಾರ್ಟರ್ಸಿನ ನಮ್ಮ ಮನೆಗೆ ಹೊರಗೊಂದು ಕೋಣೆ, ಒಳಗೊಂದು ಕೋಣೆ, ಹಿಂದೆ ಗಾಳಿಗಿಂತ ಹೊಗೆಯೇ ಹೆಚ್ಚು ಓಡಾಡುವ ಅಡಿಗೆಮನೆ. ಸೈರನ್ ಕೂಗಿದಂತೆ ನಮ್ಮ ಊಟ, ನಿದ್ದೆ. ಅಪ್ಪನ ಪಾಳಿ ಬದಲಾದ ವಾರ ಜಗಳದ ಹೊತ್ತೂ ಬದಲಾಗುತ್ತಿತ್ತು. ಬದಲಾಗದೆ ಇದ್ದದ್ದು ಸಂಜೆಯ ಪ್ರಾರ್ಥನೆ ಒಂದೇ. ಅಜ್ಜಿ ಸಿಂಧನೂರಿನ ಆಚೆ ಕಾಲುವೆ ಸೀಮೆಯ ತೆಲುಗು ವಲಸೆಗಾರರ ಕ್ಯಾಂಪಿನಲ್ಲಿ ಬೆಳೆದ ತೆಲುಗಿನವಳು. ದೀಪ ಹಚ್ಚಿದ ಕೂಡಲೇ ಗೋಡೆಯ ಗೂಡಿನಿಂದ ತನ್ನ ತೆಲುಗು ಬೈಬಲನ್ನು ಇಳಿಸಿ, ಸುತ್ತಿದ್ದ ಬಿಳಿ ವಸ್ತ್ರ ಬಿಚ್ಚಿ, ಮಂಚದ ಮೇಲೆ ನೆಟ್ಟಗೆ ಕೂತು ರಾಗವಾಗಿ ಓದುತ್ತಿದ್ದಳು. ನಾನು ಅವಳ ಕಾಲ ಬಳಿ ಕೂಡುತ್ತಿದ್ದೆ. ಅವ್ವ ಅಡಿಗೆಮನೆಯ ಹೊಸ್ತಿಲ ಮೇಲೆ, ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು, ಅರ್ಧ ಒಳಗೆ ಅರ್ಧ ಹೊರಗೆ ಕೂಡುತ್ತಿದ್ದಳು. ಯಾರೂ ಅವಳನ್ನು ಅಲ್ಲಿ ಕೂಡು ಎಂದಿರಲಿಲ್ಲ, ಈಚೆಗೆ ಬಾ ಎಂದೂ ಕರೆದಿರಲಿಲ್ಲ.

ಅತ್ತೆ ಸೊಸೆಯರ ನಡುವೆ ದೊಡ್ಡ ಜಗಳಗಳೇನೂ ಇರಲಿಲ್ಲ. ಇದ್ದ ಸಣ್ಣ ಜಗಳಗಳಿಗೆ ಕೊನೆಯೂ ಇರಲಿಲ್ಲ. ಪುಂಡಿಸೊಪ್ಪು ಬಂದ ದಿನ ಅವ್ವ ಅದಕ್ಕೆ ಜೋಳದ ನುಚ್ಚು ಹಾಕಿ ಪಲ್ಯ ಮಾಡಬೇಕು ಎನ್ನುವಳು, ಅಜ್ಜಿ ಕೆಂಪು ಮೆಣಸಿನಕಾಯಿ ಹುರಿದು ಪಚ್ಚಡಿ ಅರೆಯಬೇಕು ಎನ್ನುವಳು. ಅಜ್ಜಿಗೆ ಅನ್ನ, ಅವ್ವನಿಗೆ ರೊಟ್ಟಿ. ಅಪ್ಪ ಎರಡೂ ಬದಿಯಿಂದ ತಿಂದು ಎರಡನ್ನೂ ಹೊಗಳಿ ಪಾರಾಗುತ್ತಿದ್ದ. ಪ್ರತಿ ಕ್ರಿಸ್ಮಸ್ಸಿಗೆ, ಹೊಸ ಸೀರೆ ಕೊಡುವಾಗ, ಅಜ್ಜಿ ತಪ್ಪದೆ ಕೇಳುತ್ತಿದ್ದಳು.

"ಏಮ್ಮಾ, ಓದಿದ್ಯಾ?"

"ಓದಾಕತ್ತೀನಿ ಅತ್ತಿ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ನಾನು ಒಂದನೇ ಇಯತ್ತೆಗೆ ಸೇರಿದ ದಿನದಿಂದ ಅವ್ವನೂ ಸೇರಿದ್ದಳು. ನನ್ನ ಪಾಟಿಯ ಮೇಲೆ ನಾನು ಬರೆದದ್ದನ್ನು ರೊಟ್ಟಿ ಬಡಿಯುತ್ತಲೇ ಓದುವಳು. ತಪ್ಪಿದರೆ ನಾನು ಮಾಸ್ತರರ ಹಾಗೆ ಗದರಿಸುವೆ, ಅವ್ವ ನಗದೆ ತಿದ್ದಿಕೊಳ್ಳುವಳು. ಬಸ್ ನಿಲ್ದಾಣಕ್ಕೆ ಹೋದರೆ ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂದು ಬೋರ್ಡುಗಳನ್ನು ಓದಿ, ಸರಿಯೇ ಎಂದು ನನ್ನ ಮುಖ ನೋಡುವಳು. ನನ್ನ ಕನ್ನಡ ಪುಸ್ತಕಗಳು ನನಗಿಂತ ಮೊದಲು ಅವಳಿಗೆ ಬಾಯಿಪಾಠವಾಗುತ್ತಿದ್ದವು. ಹೀಗೆ ಒಂದು ದಿನ, ಅಪ್ಪ ಊಟಕ್ಕೆ ಕೂತಾಗ, ನಿಮ್ಮ ಬೈಬಲ್ ಕೊಡಿರಿ ಎಂದಳು.

ಅಪ್ಪ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ, ಪಾದ್ರಿ ಬಾರದ ಭಾನುವಾರಗಳಲ್ಲಿ, ಬೈಬಲಿನ ವಾಕ್ಯ ಓದಿ ವಿವರಿಸುತ್ತಿದ್ದ. ಅವನದು ಹಳೆಯ ಕನ್ನಡ ಅನುವಾದ, ಕಪ್ಪು ರಟ್ಟು, ಇರುವೆ ಸಾಲಿನಂಥ ಅಕ್ಷರ. ಅದನ್ನು ಓದುವಾಗ ಅಪ್ಪನ ದನಿಯೇ ಬೇರೆಯಾಗುತ್ತಿತ್ತು. ಭೂಮಿಯ ಒಳಗೆ ಇಳಿದು ಕಲ್ಲು ಒಡೆಯುವ ಮನುಷ್ಯ ರಾಜನ ದೂತನ ಹಾಗೆ ಕಾಣುತ್ತಿದ್ದ. ಅವ್ವ ಮಧ್ಯಾಹ್ನಗಳಲ್ಲಿ ಅದನ್ನು ಬಿಡಿಸಿಕೊಂಡು ಕೂತಳು. ಸಾಲಿಗೊಂದು ಅರ್ಥವಾಗದ ಮಾತು. ಸಂಜೆ ಅಪ್ಪ ಬಂದ ಕೂಡಲೇ ಕೇಳುವಳು. ಮೊದಲ ವಾರ ಅಪ್ಪ ಖುಷಿಯಿಂದ ಹೇಳಿದ. ಆಮೇಲೆ ಅವಳು ಕೇಳುವ ಮಾತುಗಳಲ್ಲಿ ಕೆಲವು ತನಗೂ ಗೊತ್ತಿಲ್ಲ, ಇಷ್ಟು ದಿನ ರಾಗದಲ್ಲಿ ದಾಟಿಕೊಂಡು ಬಂದಿದ್ದೇನೆ ಎಂದು ಅವನಿಗೆ ಹೊಳೆಯತೊಡಗಿತೆಂದು ಕಾಣುತ್ತದೆ. ಒಂದು ದಿನ ತಾಟನ್ನು ಮುಂದಕ್ಕೆ ತಳ್ಳಿಬಿಟ್ಟ.

"ಮೊದಲು ನಂಬಬೇಕು, ಅರ್ಥ ಆಮ್ಯಾಗ ಬರ್ತದ. ನೀ ವಕೀಲರಂಗ ಕೇಳಾಕತ್ತೀಯಲ್ಲ!"

"ನಂಬಾಕರ ಅರ್ಥ ಆಗಬೇಕಲ್ರಿ. ಅರ್ಥ ಆಗದ್ದಕ್ಕ ಹೂಂ ಅಂದ್ರ ದೇವರಿಗೆ ನಾ ಸುಳ್ಳು ಹೇಳಿದಂಗ ಆಗ್ತದ."

ಅಪ್ಪ ಎದ್ದು ಹೊರಗೆ ಹೋದ. ಅವ್ವ ತಾಟು ಮುಚ್ಚಿಟ್ಟಳು. ಅಜ್ಜಿ ಮಂಚದ ಮೇಲಿಂದ ಎಲ್ಲವನ್ನೂ ಕೇಳಿಸಿಕೊಂಡಳು. ಅಪ್ಪ ಬಹಳ ಹೊತ್ತು ಹೊರಗಿರಲಿಲ್ಲ. ವಾಪಸು ಬಂದು, ತಾನೇ ಮುಚ್ಚಳ ತೆಗೆದು ಊಟ ಮಾಡುತ್ತ, ಲಿಂಗಸುಗೂರಿನಲ್ಲಿ ತನಗೆ ಗುರುತಿನ ಒಬ್ಬ ಕೇರಳದ ನರ್ಸಮ್ಮ ಇದ್ದಾಳೆ, ಕೆಥೊಲಿಕರವಳು, ಅವರ ಕನ್ನಡ ಬೈಬಲ್ ಬೇರೆ ಥರ ಇರುತ್ತದೆ, ಬೇಕಾದರೆ ಕೇಳಿ ತರುತ್ತೇನೆ ಎಂದ. ನನ್ನ ಅಪ್ಪನ ಸಿಟ್ಟು ಇಷ್ಟೇ ಉದ್ದ ಇತ್ತು ಎಂಬುದನ್ನು ನಾನು ಈಗಲೂ ಹೆಮ್ಮೆಯಿಂದ ನೆನೆಯುತ್ತೇನೆ.

ಹಾಗೆ ಎರಡನೆಯ ಬೈಬಲ್ ಮನೆಗೆ ಬಂತು. ಅದರಲ್ಲಿ ದೇವರನ್ನು ಕರೆಯುವ ಹೆಸರೇ ಬೇರೆ ಇತ್ತು, ವಾಕ್ಯಗಳು ನಯವಾಗಿದ್ದವು. ಮಸ್ಕಿಯಲ್ಲಿ ಶಾಲೆಯ ಶಿಕ್ಷಕಿಯಾಗಿದ್ದ ಅಪ್ಪನ ಅಕ್ಕ ಇದನ್ನು ಕೇಳಿ, ಸಂತೆಯ ದಿನ ಮೂರನೆಯದೊಂದನ್ನು ಹಿಡಿದುಕೊಂಡು ಬಂದಳು. ಅದು ಸುಲಭ ಕನ್ನಡದ್ದು, ಹೊಸದಾಗಿ ಮಾಡಿದ್ದು. ಅಪ್ಪ ಅದನ್ನು ತೆರೆದು ನಿಂತಲ್ಲೇ ಓದಿ ಮುಖ ಹುಳಿ ಮಾಡಿದ.

"ಇದೇನಕ್ಕ, ಪೇಪರ್ ಓದಿದಂಗ ಐತಿ."

"ಪೇಪರ್ ಎಲ್ಲರಿಗೂ ತಿಳೀತದಲ್ಲಪ್ಪ," ಎಂದಳು ಮಸ್ಕಿಯ ಅತ್ತೆ.

ಈಗ ನನ್ನ ಫೋನಿನಲ್ಲಿ ಬೆರಳು ಸರಿಸಿದರೆ ಹತ್ತಾರು ಅನುವಾದಗಳು ಅಕ್ಕಪಕ್ಕ ನಿಲ್ಲುತ್ತವೆ. ಲಿಂಗಸುಗೂರಿನ ನಮ್ಮ ಸಭೆಯ ಹುಡುಗಿಯರು, ಆಂಟಿ, ಸ್ವಂತ ಅಧ್ಯಯನಕ್ಕೆ ಯಾವುದು ಒಳ್ಳೇದು ಎಂದು ಕೇಳುತ್ತಾರೆ. ನನಗೆ ಗೊತ್ತಿರುವುದು ಒಂದೇ ಪದ್ಧತಿ, ಅದು ಅವ್ವ ಆ ಬೇಸಿಗೆಯಲ್ಲಿ ಮಾಡಿದ್ದು. ಮೂರನ್ನೂ ಮೊದಲಿನಿಂದ ಓದುತ್ತ ಕೂತರೆ ತೀರದು ಎಂದು ಅವಳಿಗೆ ಗೊತ್ತಿತ್ತು. ತನಗೆ ಕಥೆ ಗೊತ್ತಿರುವ ಒಂದು ಸಣ್ಣ ಭಾಗ ಬೇಕಿತ್ತು. ಅಜ್ಜಿ ತೆಲುಗಿನಲ್ಲಿ ಮತ್ತೆ ಮತ್ತೆ ಓದುತ್ತಿದ್ದ ರೂತಳ ಕಥೆಯನ್ನು ಹೊಸ್ತಿಲ ಮೇಲೆ ಕೂತು ಕೇಳಿ ಕೇಳಿ ಅರ್ಧ ತಿಳಿದುಕೊಂಡಿದ್ದಳು: ಬರ ಬಿದ್ದು ಪರದೇಶಕ್ಕೆ ಹೋದ ನವೊಮಿ ಎಂಬ ಹೆಂಗಸು, ಅಲ್ಲಿ ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡು ಊರಿಗೆ ಮರಳುವಾಗ, ಬೇರೆ ದೇಶದ, ಬೇರೆ ದೇವರ ಸೊಸೆ ರೂತ್ ಅವಳ ಕೈ ಬಿಡದೆ ಹಿಂದೆ ಬಂದದ್ದು. ಮೂರೂ ಪುಸ್ತಕಗಳಲ್ಲಿ ಆ ಭಾಗಕ್ಕೆ ನನ್ನಿಂದ ನವಿಲುಗರಿ ಇಡಿಸಿಕೊಂಡು, ಒಳಕೋಣೆಯ ನೆಲದ ಮೇಲೆ ಮೂರನ್ನೂ ಹರಡಿಕೊಂಡು, ಒಂದರ ಒಂದು ಸಾಲು, ಇನ್ನೊಂದರ ಅದೇ ಸಾಲು ಎಂದು ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು.

ಹಳೆಯ ಅನುವಾದದಲ್ಲಿ ಒಂದು ಕಡೆ ಅವಳ ಬೆರಳು ನಿಂತುಬಿಟ್ಟಿತು.

"ಚಿನ್ನಿ, ಇಲ್ಲಿ ಏನಂತ ಐತಿ ನೋಡು. ಹಕ್ಕಲು. ಹಕ್ಕಲು ಅಂತಾನೇ ಐತೇನು?"

ಹಕ್ಕಲು ಎಂದೇ ಇತ್ತು. ನನಗೆ ಅದು ಗೊತ್ತಿಲ್ಲದ ಮಾತು. ಕೊಯ್ಲಾದ ಹೊಲದಲ್ಲಿ ಬಿದ್ದು ಉಳಿದ ತೆನೆಗಳನ್ನು ಬಡವರು ಆರಿಸಿಕೊಳ್ಳುವುದೇ ಹಕ್ಕಲು, ಪಾಮನಕಲ್ಲೂರಿನಲ್ಲಿ ಸುಗ್ಗಿ ಮುಗಿದ ಮೇಲೆ ತಾನೂ ಗೆಳತಿಯರೂ ಉಡಿ ಕಟ್ಟಿಕೊಂಡು ಹಕ್ಕಲು ಆರಿಸಲು ಹೋಗುತ್ತಿದ್ದೆವು ಎಂದು ಅವ್ವ ಹೇಳಿದಳು. ಸುಲಭ ಕನ್ನಡದ ಪುಸ್ತಕದಲ್ಲಿ ಅದೇ ಜಾಗದಲ್ಲಿ ಬಿದ್ದ ತೆನೆ ಆಯುವುದೆಂದು ಬಿಡಿಸಿ ಹೇಳಿತ್ತು. ನನಗೆ ಕೂಡಲೇ ತಿಳಿಯಿತು. ಅವ್ವ ಮಾತ್ರ ಹಳೆಯದರ ಆ ಸಾಲಿನ ಮೇಲೆ ಮತ್ತೆ ಮತ್ತೆ ಬೆರಳಾಡಿಸಿದಳು. ತನ್ನನ್ನು ಇಷ್ಟು ದಿನ ಹೊರಗೆ ನಿಲ್ಲಿಸಿದ್ದ ಪುಸ್ತಕದೊಳಗೆ ತನ್ನ ಹೊಲದ ಮಾತು ಕೂತಿದೆ ಎಂದು ಅವಳು ಎಣಿಸಿರಲಿಲ್ಲ. ಆಗ ಹೊರಕೋಣೆಯ ಮಂಚದಿಂದ ಅಜ್ಜಿಯ ದನಿ ಬಂತು.

"ಹಂಗಲ್ಲ. ಅದರ ಮುಂದಿನ ಮಾತು ಬಿಟ್ಟೆ. ಆ ಹೊಲದ ಒಡೆಯನ ಕಣ್ಣಾಗ ದಯ ಸಿಕ್ಕರ ಅಂತ ರೂತ್ ಹೇಳ್ತಾಳ. ನಮ್ಮದರಾಗ ಉಂದಿ, ಐತಿ."

ಅಜ್ಜಿಯ ಕಣ್ಣಿಗೆ ಆಗಲೇ ಪೊರೆ ಬರತೊಡಗಿತ್ತು. ಸಂಜೆಯ ಓದಿನಲ್ಲಿ ಅರ್ಧ ಪುಟ ನೋಡಿ, ಅರ್ಧ ನೆನಪಿನಿಂದ ಹೇಳುತ್ತಿದ್ದಳು. ಮೊದಲು ಸೊಸೆಯ ತಪ್ಪು ಹಿಡಿಯುವುದಕ್ಕೇ ಕೂಗಿರಬೇಕು. ಅವ್ವ ಬೇಸರ ಮಾಡಿಕೊಳ್ಳದೆ, ಮೂರೂ ಪುಸ್ತಕ ಎತ್ತಿಕೊಂಡು ಹೋಗಿ ಮಂಚದ ಬುಡದಲ್ಲಿ ಕೂತಳು. ನಿಮ್ಮ ತೆಲುಗಿನಲ್ಲಿ ಹೇಗಿದೆ ಹೇಳಿರಿ ಎಂದಳು. ಅಜ್ಜಿ ತೆಲುಗಿನಲ್ಲಿ ಹೇಳಿ, ಅದನ್ನೇ ತನ್ನ ಮುರುಕು ಕನ್ನಡದಲ್ಲಿ ಬಿಡಿಸುವಳು. ಅವ್ವ ಅದನ್ನು ಮೂರು ಕನ್ನಡಗಳ ಜೊತೆ ಹಿಡಿದು ನೋಡುವಳು. ಆ ಬೇಸಿಗೆಯ ಮಧ್ಯಾಹ್ನಗಳೆಲ್ಲ ಹೀಗೇ ಹೋದವು. ಹೊರಗೆ ಬಿಸಿಲಿಗೆ ಕಲ್ಲು ಕಾಯುತ್ತಿತ್ತು, ಒಳಗೆ ಇಬ್ಬರು ಹೆಂಗಸರು ಒಂದು ಮಾತಿಗಾಗಿ ಗುದ್ದಾಡುತ್ತಿದ್ದರು. ನೀರು ಕುಡಿಯಲು ಬಂದ ನೆರೆಮನೆಯವಳು, ಏನು ಅತ್ತೆ ಸೊಸೆ ಜಗಳವೋ ಎಂದು ಕೇಳಿ, ವಿಷಯ ತಿಳಿದು, ತಾನೂ ಕೂತು ಕೇಳಿ ಹೋದಳು. ಒಂದು ದಿನ ಅವ್ವ, ಬೈಬಲಿನ ಅರಣ್ಯಕಾಂಡ ಎಂಬ ಭಾಗದಲ್ಲಿ ಬರೇ ಹೆಸರುಗಳೇ ಇವೆಯಲ್ಲ, ಅದನ್ನು ನೀವು ಹೇಗೆ ಓದಿದಿರಿ ಎಂದು ಕೇಳಿದಳು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ನಾ ಅದು ಓದೇ ಇಲ್ಲಮ್ಮಾ. ದಾಟಿಬಿಡ್ತೀನಿ. ದೇವದಾಸುಗೆ ಹೇಳಬ್ಯಾಡ."

ದೇವದಾಸು ಎಂದರೆ ನನ್ನ ಅಪ್ಪ. ಅವ್ವ ಹೇಳಲಿಲ್ಲ. ಆದರೆ ಅಂದಿನಿಂದ ಅವಳು ಸಂಜೆ ಹೊಸ್ತಿಲ ಮೇಲೆ ಕೂಡುವುದನ್ನು ಬಿಟ್ಟು ಮಂಚದ ಬುಡದಲ್ಲೇ ಕೂಡತೊಡಗಿದಳು. ಯಾರೂ ಕರೆದದ್ದು ನನಗೆ ನೆನಪಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಅಜ್ಜಿಯ ಕಣ್ಣಿನ ಆಪರೇಷನ್ನಿಗೆ ಸಿಂಧನೂರಿಗೆ ಹೋದೆವು. ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿಸಿಕೊಂಡು ಬರುವಾಗ, ಬಸ್ ನಿಲ್ದಾಣದ ಹತ್ತಿರದ ಒಂದು ಅಂಗಡಿಯ ಮುಂದೆ ಅಜ್ಜಿ ನಿಂತಳು. ಗೋಡೆಗೆ ವಾಕ್ಯದ ಕ್ಯಾಲೆಂಡರುಗಳು, ಕಪಾಟಿನಲ್ಲಿ ಬೈಬಲುಗಳು. ಅವ್ವನ ಕಡೆ ತಿರುಗಿ ಕೇಳಿದಳು.

"ಈಗ ಹೇಳು. ಯಾವುದು ನಿನ್ನದು?"

ಅವ್ವ ಅಷ್ಟು ದಿನ ಯೋಚಿಸಿದ್ದೆಲ್ಲ ಆಗ ಹೊರಬಂತು. ಹಳೆಯದು ತನಗೆ ತುಂಬ ಇಷ್ಟ, ಅದರಲ್ಲಿ ತನ್ನೂರಿನ ಮಾತಿದೆ, ಓದಿದರೆ ಎದೆ ತುಂಬುತ್ತದೆ. ನರ್ಸಮ್ಮನದು ನಡುವಿನ ದಾರಿ, ಸಂದೇಹ ಬಂದಾಗ ನೋಡಲು ಒಳ್ಳೇದು. ಆದರೆ ಮೊದಲಿನಿಂದ ಕೊನೆಯವರೆಗೆ ತಾನೊಬ್ಬಳೇ, ಯಾರನ್ನೂ ಕೇಳದೆ ಓದಬೇಕಾದರೆ ಸುಲಭ ಕನ್ನಡದ್ದೇ ಆಗಬೇಕು.

"ಎದಿ ತುಂಬೋದು ಆಮ್ಯಾಗ ನೋಡೂಣು ಅತ್ತಿ. ಮೊದಲು ಏನ್ ಹೇಳ್ಯಾರ ಅಂತ ನನಗ ತಿಳೀಬೇಕು. ತಿಳದು ಹೂಂ ಅನ್ನಬೇಕು, ಇಲ್ಲಾ ಊಹೂಂ ಅನ್ನಬೇಕು."

ಊಹೂಂ ಎಂಬ ಮಾತಿಗೆ ಅಜ್ಜಿ ಸಿಟ್ಟಾಗುವಳೆಂದು ನಾನು ಹೆದರಿದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಅಂಗಡಿಯವನಿಗೆ, ಸುಲಭ ಕನ್ನಡದ್ದು ಕೊಡಪ್ಪ, ದೊಡ್ಡ ಅಕ್ಷರದ್ದು, ಈಕೆ ಹೊಗೆಯಲ್ಲಿ ಕೂತು ಓದುತ್ತಾಳೆ ಎಂದಳು. ಸೆರಗಿನ ಗಂಟು ಬಿಚ್ಚಿ ತಾನೇ ಕೊಡಿಸಿದಳು.

ಅವ್ವ ಅದನ್ನು ಓದಿ ಮುಗಿಸಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ಹೆಸರುಗಳ ಪಟ್ಟಿ, ಯಜ್ಞಗಳ ವಿಧಿ, ರಾಜರ ಯುದ್ಧ ಯಾವುದನ್ನೂ ಬಿಡಲಿಲ್ಲ. ಕೆಲವು ಕಡೆ ಒಪ್ಪುತ್ತಿರಲಿಲ್ಲ. ಇದು ನ್ಯಾಯವಲ್ಲ ಎಂದು ಪುಸ್ತಕಕ್ಕೇ ಹೇಳುತ್ತಿದ್ದಳು. ತಪ್ಪು ಮಾಡದೆಯೂ ಎಲ್ಲವನ್ನೂ ಕಳೆದುಕೊಂಡ ಯೋಬನ ಕಥೆ ಓದುವಾಗ ಅವಳು ಮೂರು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಇಷ್ಟರಲ್ಲಿ ಅಪ್ಪ, ಭಾನುವಾರ ಮಾತಾಡುವ ಮುಂಚೆ, ಅದರಲ್ಲಿ ಹೇಗಿದೆ ನೋಡು ಎಂದು ಅವಳನ್ನು ಕೇಳುವುದು ರೂಢಿಯಾಗಿತ್ತು. ಹೊಸದಾಗಿ ಬಂದ ಪಾದ್ರಿ ಒಮ್ಮೆ ಮನೆಗೆ ಬಂದು, ಇಷ್ಟು ವರ್ಷವಾಯಿತಲ್ಲ, ಸೊಸೆಯ ಸ್ನಾನ ಯಾವಾಗ ಎಂದು ಕೇಳಿದಾಗ ಅಜ್ಜಿಯೇ ತಡೆದಳು.

"ಓದಾಕತ್ತಾಳ್ರಿ. ನಡುವ ಮಾತಾಡಿಸಬ್ಯಾಡ್ರಿ."

ಮುಗಿಸಿದ ಮಧ್ಯಾಹ್ನ ಅವ್ವ ಪುಸ್ತಕ ಮುಚ್ಚಿ ನೇರ ಅಜ್ಜಿಯ ಹತ್ತಿರ ಹೋದಳು. ಅಜ್ಜಿ ಅಕ್ಕಿ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ಓದಿ ಮುಗೀತು ಅತ್ತಿ. ಹೂಂ ಅಂತೀನಿ. ಯೇಸಪ್ಪ ನನ್ನಂಥಾ ಹೊರಗಿನಾಕಿ ಕೂಡ ಬಾವಿ ಕಟ್ಟಿಮ್ಯಾಲೆ ಕುಂತು ಮಾತಾಡ್ಯಾನ, ಆಕೀ ಪ್ರಶ್ನಿಗೆ ಸಿಟ್ಟಾಗಿಲ್ಲ. ಅಲ್ಲೇ ನನಗ ನಿಕ್ಕಿ ಆತು."

ಅಜ್ಜಿ ಅತ್ತಳು. ಕಣ್ಣೊರೆಸಿಕೊಂಡು ಕೂಡಲೇ ಏರ್ಪಾಟಿಗೆ ಇಳಿದಳು: ಬಿಳಿ ಸೀರೆ, ಊಟ, ಯಾರನ್ನು ಕರೆಯುವುದು. ಮತ್ತೆ, ಇನ್ನು ಮೇಲೆ ನಿನ್ನ ಹೆಸರು ರೂತಮ್ಮ ಎಂದಳು. ನಮ್ಮಲ್ಲಿ ಸ್ನಾನ ತೆಗೆದುಕೊಂಡವರಿಗೆ ಬೈಬಲಿನ ಹೆಸರು ಇಡುವ ರೂಢಿ ಇತ್ತು. ಅವ್ವ ತಲೆ ಅಲ್ಲಾಡಿಸಿದಳು.

"ಹೆಸರು ಬ್ಯಾಡ ಅತ್ತಿ. ಹುಲಿಗೆಮ್ಮ ಅನ್ನೋದು ನಮ್ಮಪ್ಪನ ತಾಯಿ ಹೆಸರು."

"ಅದು ದೇವಿ ಹೆಸರಮ್ಮಾ! ಸಭಾದಾಗ ಹೆಂಗ ಕರೀತಾರ?"

"ರೂತ್ ಮೋವಾಬದಾಕಿ, ಪರದೇಶದಾಕಿ. ಅತ್ತಿ ಊರು ಬೆತ್ಲೆಹೇಮಿಗೆ ಬಂದ ಮ್ಯಾಲೂ ರೂತ್ ಅಂತಾನೇ ಕರದಾರ. ಆಕೀ ಹೆಸರು ಯಾರೂ ತಗದಿಲ್ಲ. ಮೂರೂ ಕನ್ನಡದಾಗ ನೋಡೀನಿ. ನಿಮ್ಮ ತೆಲುಗಿನಾಗ ಬ್ಯಾರೆ ಐತೇನು?"

ಅಜ್ಜಿ ಬೈಬಲ್ ಇಳಿಸಿ ಪುಟ ತಿರುವಿದಳು. ಬಹಳ ಹೊತ್ತು ಹುಡುಕಿದಳು. ಆಮೇಲೆ ಗೆದ್ದವಳ ಹಾಗೆ ತಲೆ ಎತ್ತಿದಳು.

"ನವೊಮಿ ಬದಲಿ ಮಾಡ್ಕೊಂಡಾಳಲ್ಲ! ಬಾಳು ಕಹಿ ಆತು, ನನ್ನ ಮಾರಾ ಅಂತ ಕರೀರಿ ಅಂದಾಳ."

"ಆಕಿ ಅತ್ತಿ ರೀ, ಸೊಸಿ ಅಲ್ಲ," ಎಂದಳು ಅವ್ವ. "ಬದಲಿ ಮಾಡ್ಕೊಬೇಕಂದ್ರ ನೀವು ಮಾಡ್ಕೊಳ್ರಿ."

ನಾನು ಅಜ್ಜಿಯ ಮುಖ ನೋಡಿದೆ. ಆಮೇಲೆ ಅಜ್ಜಿ ನಗತೊಡಗಿದಳು, ಕಾಲು ತಾಗಿ ಮೊರದ ಅಕ್ಕಿ ಚೆಲ್ಲುವಷ್ಟು ನಕ್ಕಳು. ಪಾದ್ರಿಯ ಹತ್ತಿರ ಅವಳೇ ಹೋಗಿ ಹೇಳಿದಳು. ಅವರು ಒಳ್ಳೆಯ ಮನುಷ್ಯ. ಹೆಸರು ಬದಲಿಸಬೇಕೆಂದು ಎಲ್ಲೂ ಬರೆದಿಲ್ಲ, ರೂಢಿ ಅಷ್ಟೇ ಎಂದರು.

ಆ ಭಾನುವಾರ ಪಾಮನಕಲ್ಲೂರಿನಿಂದ ತಾತ ಬಂದಿದ್ದ, ಅವ್ವನ ಅಪ್ಪ. ಮಗಳು ಕರೆದಳೆಂದು ಬಂದವನು, ಗುಡಿಯಲ್ಲದ ಜಾಗದಲ್ಲಿ ಹೇಗೆ ನಿಲ್ಲಬೇಕೋ ತಿಳಿಯದೆ, ರುಮಾಲು ಕೈಯಲ್ಲಿ ಹಿಡಿದು ಕೊನೆಯ ಸಾಲಿನಲ್ಲಿ ಕೂತಿದ್ದ. ಇನ್ನು ಮೇಲೆ ಮಗಳು ತನ್ನವಳಲ್ಲ ಎಂದು ಊರಲ್ಲಿ ಯಾರೋ ಅವನಿಗೆ ಹೇಳಿದ್ದರಂತೆ. ಪಾದ್ರಿ ನೀರು ಮುಟ್ಟಿಸುತ್ತ ಗಟ್ಟಿಯಾಗಿ "ಹುಲಿಗೆಮ್ಮ" ಎಂದು ಕರೆದರು. ಮುಂದಿನ ಸಾಲಿನಲ್ಲಿ ಒಂದಿಬ್ಬರು ಮುಖ ಮುಖ ನೋಡಿಕೊಂಡರು. ಅಜ್ಜಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಆಮೆನ್ ಎಂದಳು. ನಾನು ಹಿಂದೆ ತಿರುಗಿ ನೋಡಿದೆ. ತಾತ ರುಮಾಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ತನ್ನ ತಾಯಿಯ ಹೆಸರನ್ನು ಅಷ್ಟು ಜನರ ನಡುವೆ ಅಷ್ಟು ಗೌರವದಿಂದ ಯಾರೂ ಕರೆದಿರಲಿಲ್ಲ ಎಂದು ಆಮೇಲೆ ಅಪ್ಪನಿಗೆ ಹೇಳಿದನಂತೆ.

ಊಟವಾದ ಮೇಲೆ ತಾತ ಚಾಪೆಯ ಮೇಲೆ ಗೋಡೆಗೊರಗಿ ಕೂತ. ಅಜ್ಜಿ ಮಂಚದ ಮೇಲೆ ಎಲೆಯಡಿಕೆ ಮಡಿಸುತ್ತಿದ್ದಳು. ಇಬ್ಬರೂ ಬೀಗರು, ಅಷ್ಟು ವರ್ಷದಲ್ಲಿ ಕ್ಷೇಮಸಮಾಚಾರದ ಆಚೆಗೆ ಮಾತಾಡಿದವರಲ್ಲ.

"ಅಲ್ಲವ್ವಾ," ಎಂದ ತಾತ ಮಗಳಿಗೆ, "ಇಷ್ಟು ವರ್ಷ ಓದಿದಿ ಅಂತ. ಅದರಾಗ ಏನೈತಿ, ನನಗೂ ಚೂರು ಹೇಳು."

ಅವ್ವ ಸೆರಗಿಗೆ ಕೈ ಒರೆಸಿಕೊಂಡು ತನ್ನ ದೊಡ್ಡಕ್ಷರದ ಬೈಬಲ್ ತಂದು ಮಂಚಕ್ಕೂ ಚಾಪೆಗೂ ನಡುವೆ ಕೂತಳು. ರೂತಳ ಕಥೆಯ ಪುಟ ಹುಡುಕುತ್ತಿರುವಾಗಲೇ ಅಜ್ಜಿ ಮಂಚದಿಂದ ಬಾಗಿ, ಮೊದಲು ಬರಗಾಲ ಬಂತು ಅಂತ ಹೇಳು ಎಂದಳು.

ತಾತ ಕಾಲು ಮಡಿಸಿ ನೆಟ್ಟಗೆ ಕೂತ.

"ಬರಾನ? ಯಾವ ಸೀಮಿಗೆ? ಮುಂಗಾರಿ ಹೋಗಿತ್ತೋ, ಹಿಂಗಾರಿ ಹೋಗಿತ್ತೋ?"

"ಓದ್ತೀನಿ ತಡಿಯಪ್ಪಾ," ಎಂದು ಅವ್ವ ಬೆರಳಿಟ್ಟು ಶುರುಮಾಡಿದಳು.